ಹದಿನಾಲ್ಕು ಚದರಡಿಯ ಅಪರಾಧ

ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ ಇನ್ನು ಮುಂದೆ ಸ್ವಾಧೀನಾನುಭವ ಪತ್ರ (ಕಟ್ಟಡ ನಕ್ಷೆಯಂತೆಯೇ ಎದ್ದಿದೆ, ವಾಸಕ್ಕೆ ಯೋಗ್ಯವೆಂದು ಪಾಲಿಕೆ ಕೊಡುವ ‘ಓಸಿ’) ಬೇಕಾಗಿಲ್ಲ ಎಂಬ ಸುದ್ದಿ ಬಂದ ದಿನ ನನ್ನ ಸ್ನೇಹಿತರೊಬ್ಬರು ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಅವರು ಬಂದ ಹಣವನ್ನೆಲ್ಲ ಸುರಿದು ಬೆಂಗಳೂರಿನ ಅಂಚಿನಲ್ಲಿ ಮನೆ ಕಟ್ಟಿಸಿದ್ದಾರೆ. ಮನೆಯಲ್ಲಿ ಗೋಡೆಯಿದೆ, ಗಾರೆಯಿದೆ, ದೇವರ ಕೋಣೆಗೆ ತೇಗದ ಬಾಗಿಲಿದೆ. ಆ ಪತ್ರವಿಲ್ಲದ ಕಾರಣ ಕಾಯಂ ವಿದ್ಯುತ್ ಸಂಪರ್ಕವೊಂದೇ ಇಲ್ಲ. ಸರ್ಕಾರದ ವಿನಾಯಿತಿ 1200 ಚದರಡಿವರೆಗಿನ ನಿವೇಶನಕ್ಕೆ. ಇವರದು 1214. ರಸ್ತೆ ತುಸು ಓರೆಯಾಗಿ ಹಾದುಹೋದ ಕಾರಣ ಒಂದು ಬದಿಯಲ್ಲಿ ನಾಲ್ಕಂಗುಲ ಚಿಲ್ಲರೆ ಹೆಚ್ಚು ಬಂದಿದೆ. ಕೊಂಡಾಗ ಅದನ್ನು ಲಾಭವೆಂದು ತಿಳಿದು ಹೆಂಡತಿಯ ಮುಂದೆ ಹೇಳಿಕೊಂಡಿದ್ದರಂತೆ. ಈಗ ಅವರು ನನ್ನನ್ನು ಕೇಳಿದ್ದು ಇಷ್ಟೇ: “ಆ ಹದಿನಾಲ್ಕು ಚದರಡಿಯನ್ನು ಯಾರಿಗಾದರೂ ದಾನ ಕೊಟ್ಟುಬಿಟ್ಟರೆ ನಮ್ಮನೆಗೆ ಕರೆಂಟು ಬರುತ್ತದೆಯೇ?”

ಬರುವುದಿಲ್ಲವೆಂದು ಹೇಳಬೇಕಾಯಿತು. ದಾನಪತ್ರ ನೋಂದಾಯಿಸಲು ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ ಬೇಕು, ಹದಿನಾಲ್ಕು ಚದರಡಿಗೆ ಪ್ರತ್ಯೇಕ ಇ-ಖಾತಾ ಬೇಕೆಂದರೆ ನಿವೇಶನದ ವಿಭಜನೆಗೆ ಅನುಮತಿ ಬೇಕು, ಆ ಅನುಮತಿ ಕೊಡಬೇಕಾದ ಕಚೇರಿಯಿಂದಲೇ ಅವರು ಈಗ ತಪ್ಪಿಸಿಕೊಳ್ಳಲು ಹೊರಟಿರುವುದು.

ಸರ್ಕಾರವನ್ನು ನಾನು ದೂರುವುದಿಲ್ಲ. ಅದು ನಿಜಕ್ಕೂ ಕರುಣಾಮಯಿ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಕೊಡಬೇಡಿ ಎಂದು ಅಪ್ಪಣೆ ಮಾಡಿತು. ಅಷ್ಟರವರೆಗೆ ನಮ್ಮ ಊರಿನಲ್ಲಿ ಆ ಪತ್ರವನ್ನು ಕಣ್ಣಾರೆ ಕಂಡವರು ಕಡಿಮೆ. ದೊಡ್ಡ ಅಪಾರ್ಟ್‌ಮೆಂಟುಗಳ ಜಾಹೀರಾತಿನಲ್ಲಿ ‘ಓಸಿ ಇದೆ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದರು; ಎಲ್ಲರಲ್ಲಿಯೂ ಇರಬೇಕಾದ ವಸ್ತುವೊಂದನ್ನು ಇದೆಯೆಂದು ಜಾಹೀರಾತು ಮಾಡುವ ಊರಿನಲ್ಲಿ ಅದರ ಸ್ಥಿತಿ ಏನಿರಬಹುದೆಂದು ಯಾರಾದರೂ ಊಹಿಸಬಹುದು. ಕೋರ್ಟಿನ ಮಾತನ್ನು ಪಾಲಿಸಹೊರಟಾಗ ಮನೆ ಮುಗಿಸಿ ಮೀಟರಿಗಾಗಿ ಕಾದು ನಿಂತವರ ಸಾಲು ಬೆಳೆಯುತ್ತ ಹೋಯಿತು. ಆಗ ಎರಡು ದಾರಿಗಳಿದ್ದವು. ಪತ್ರವನ್ನು ಬೇಗ ಕೊಡುವಂತೆ ಕಚೇರಿಗಳನ್ನು ಸರಿಪಡಿಸುವುದೊಂದು, ಪತ್ರವೇ ಬೇಡವೆನ್ನುವುದು ಇನ್ನೊಂದು. ಸಣ್ಣ ನಿವೇಶನದಲ್ಲಿ ನೆಲದ ಮೇಲೆ ಎರಡು ಅಂತಸ್ತು, ಇಲ್ಲವೇ ಸ್ಟಿಲ್ಟ್ (ವಾಹನ ನಿಲ್ಲಿಸಲು ಬರೀ ಕಂಬಗಳ ಮೇಲೆ ಬಿಟ್ಟ ನೆಲಮಹಡಿ) ಮೇಲೆ ಮೂರು ಅಂತಸ್ತು ಇದ್ದರೆ ಪತ್ರವೇ ಬೇಡವೆಂದು ಸರ್ಕಾರ ತೀರ್ಮಾನಿಸಿತು. ಜ್ವರ ಇಳಿಯದಿದ್ದಾಗ ಥರ್ಮಾಮೀಟರನ್ನು ಕಿಟಕಿಯಿಂದಾಚೆ ಎಸೆದ ವೈದ್ಯನ ಸಮಯಪ್ರಜ್ಞೆಗೆ ಇದನ್ನು ಹೋಲಿಸುವವರು ಹೋಲಿಸಲಿ. ಆ ಸಾಲಿನಲ್ಲಿ ನಿಂತಿದ್ದವನು ನಾನಾಗಿದ್ದರೆ ವೈದ್ಯನಿಗೆ ಹಾರ ಹಾಕುತ್ತಿದ್ದೆ.

ಸರಳೀಕರಣದ ಇತಿಹಾಸ ನಮ್ಮಲ್ಲಿ ದೊಡ್ಡದು. ಅದರ ಆದಿಯಲ್ಲಿ, ಎಲ್ಲ ಅನುಮತಿಯೂ ಒಂದೇ ಕಡೆ ಸಿಗುತ್ತದೆಂದು ಸಾರುವ ‘ಏಕಗವಾಕ್ಷಿ’ ಎಂಬ ಪದವಿದೆ. ಈ ಪದವನ್ನು ಟಂಕಿಸಿದವರು ಹಳೆಯ ಮನೆಯೊಂದರಲ್ಲಿ ಹುಟ್ಟಿ ಬೆಳೆದವರೇ ಇರಬೇಕು. ನನ್ನ ಅಜ್ಜಿಯ ಮನೆಯಲ್ಲಿ ಗವಾಕ್ಷಿ ಎಂದರೆ ಅಡುಗೆಮನೆಯ ಹೊಗೆ ಆಚೆ ಹೋಗಲೆಂದು ಸೂರಿಗೆ ತಾಗುವಷ್ಟು ಎತ್ತರದಲ್ಲಿ ಬಿಟ್ಟ ಒಂದು ಕಿಂಡಿ. ಅದರ ಮೂಲಕ ಬೆಳಕು ಒಂದು ಕೋಲಿನಷ್ಟು ಬರುತ್ತಿತ್ತು, ಬೆಕ್ಕು ಬರುತ್ತಿತ್ತು. ಮನುಷ್ಯ ಒಳಗೆ ಬರಬೇಕಾದರೆ ಬಾಗಿಲಿಗೇ ಬರಬೇಕಿತ್ತು. ಸಂಸ್ಕೃತದಲ್ಲಿ ಅದರ ಅರ್ಥ ಹಸುವಿನ ಕಣ್ಣು. ಕಚೇರಿಯ ಗವಾಕ್ಷಿಯ ಎದುರು ಒಂದು ಮಧ್ಯಾಹ್ನ ನಿಂತವರಿಗೆ ಆ ಹೆಸರು ಎಷ್ಟು ಒಪ್ಪುತ್ತದೆಂದು ವಿವರಿಸಬೇಕಾಗಿಲ್ಲ: ಒಳಗಿನಿಂದ ನಿಮ್ಮನ್ನೇ ನೋಡುತ್ತಿರುವ, ಶಾಂತವಾದ, ಏನನ್ನೂ ಹೇಳದ, ಮೆಲುಕು ಹಾಕುತ್ತಿರುವ ಕಣ್ಣು ಅದು. ಕಿಂಡಿ ಒಂದೇ ಎಂಬುದೂ ಸುಳ್ಳಲ್ಲ. ಆದರೆ ಅದರ ಹಿಂದೆ ಕಂದಾಯದ ಮೇಜು, ನಗರ ಯೋಜನೆಯ ಮೇಜು, ಜಲಮಂಡಳಿಯ ಮೇಜು, ವಿದ್ಯುತ್ತಿನ ಮೇಜು, ಇವೆಲ್ಲ ಮೊದಲಿದ್ದಲ್ಲಿಯೇ ಇವೆ. ಮೊದಲು ನಾವು ಮೇಜಿನಿಂದ ಮೇಜಿಗೆ ನಡೆಯುತ್ತಿದ್ದೆವು, ಈಗ ಕಡತ ನಡೆಯುತ್ತದೆ, ಮತ್ತು ಅದಕ್ಕೆ ನಮ್ಮಷ್ಟು ಕಾಲುಗಳಿಲ್ಲ.

ಕಾಲುಗಳ ಸಮಸ್ಯೆಯನ್ನು ಬಗೆಹರಿಸಲೆಂದೇ 2024ರಲ್ಲಿ ಪಾಲಿಕೆ ‘ನಂಬಿಕೆ ನಕ್ಷೆ’ಯನ್ನು ತಂದಿತು. 50×80 ಅಡಿವರೆಗಿನ ನಿವೇಶನದ ಮಾಲೀಕರು ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಮೂಲಕ ಆನ್‌ಲೈನಿನಲ್ಲಿಯೇ ನಕ್ಷೆ ಸಲ್ಲಿಸಿ ತಾತ್ಕಾಲಿಕ ಮಂಜೂರಾತಿ ಪಡೆಯಬಹುದು; ಮೊದಲು ನಂಬುವುದು, ಆಮೇಲೆ ಪರಿಶೀಲಿಸುವುದು. ಯೋಜನೆ ಒಳ್ಳೆಯದೇ, ಅದನ್ನು ವ್ಯಂಗ್ಯವಿಲ್ಲದೆ ಹೇಳುತ್ತೇನೆ. ಆದರೆ ಹೆಸರು ನನ್ನನ್ನು ಕಾಡುತ್ತದೆ. ಸರ್ಕಾರ ಒಂದು ನಕ್ಷೆಗೆ ‘ನಂಬಿಕೆ’ ಎಂದು ಹೆಸರಿಟ್ಟಿತೆಂದರೆ ಉಳಿದ ನಕ್ಷೆಗಳ ವಿಚಾರದಲ್ಲಿ ಅದರ ಅಭಿಪ್ರಾಯ ಏನಿದ್ದೀತು? ಹೋಟೆಲಿನ ಫಲಕದಲ್ಲಿ ‘ಇಂದಿನ ಇಡ್ಲಿ ತಾಜಾ’ ಎಂದು ಬರೆದಿದ್ದರೆ ನಾವು ದೋಸೆ ತರಿಸಿಕೊಳ್ಳುತ್ತೇವೆಯೇ?

ಆ ಅಭಿಪ್ರಾಯಕ್ಕೆ ಕಾರಣವೂ ಇಲ್ಲದಿಲ್ಲ. ಮಂಜೂರಾದ ನಕ್ಷೆ ಎಂಬುದು ಕನ್ನಡ ನಾಡಿನ ಬಹುದೊಡ್ಡ ಕಲ್ಪನಾಸಾಹಿತ್ಯ ಪ್ರಕಾರ. ಮನೆ ಕಟ್ಟಿಸುವವರ ಬಳಿ ಎರಡು ನಕ್ಷೆಗಳಿರುತ್ತವೆಂಬುದು ಗಾರೆ ಕಲಸುವ ಹುಡುಗನಿಗೂ ಗೊತ್ತು. ಒಂದು ಪಾಲಿಕೆಗೆ ಮತ್ತು ಬ್ಯಾಂಕಿಗೆ, ಇನ್ನೊಂದು ಮೇಸ್ತ್ರಿಗೆ. ಮೊದಲನೆಯದರಲ್ಲಿ ಮನೆಯ ನಾಲ್ಕೂ ಬದಿಗೆ ಗಾಳಿ ಓಡಾಡುತ್ತದೆ, ನೆಲಮಹಡಿಯಲ್ಲಿ ಎರಡು ಪುಟ್ಟ ಕಾರುಗಳು ನಿಂತಿವೆ, ಮೂಲೆಯಲ್ಲಿ ಹೂಕೋಸಿನಂತಹ ದುಂಡು ಮರವೊಂದಿದೆ, ಅದರ ಪಕ್ಕ ಮಳೆನೀರಿನ ಇಂಗುಗುಂಡಿ. ಎರಡನೆಯದರಲ್ಲಿ ಗಾಳಿಯ ಜಾಗದಲ್ಲಿ ಪಕ್ಕದ ಮನೆಯ ಸಜ್ಜಾ ಇದೆ, ಕಾರಿನ ಜಾಗದಲ್ಲಿ ಬೇಕರಿ ಇದೆ, ಮರದ ಜಾಗದಲ್ಲಿ ಮೆಟ್ಟಿಲಿದೆ, ಇಂಗುಗುಂಡಿಯ ಜಾಗದಲ್ಲಿ ಬೋರ್‌ವೆಲ್ಲು. ಮೊದಲನೆಯ ನಕ್ಷೆಯಲ್ಲಿ ‘ಅಧ್ಯಯನ ಕೊಠಡಿ’ ಎಂದು ಬರೆದಲ್ಲಿ ಆರು ಮಂಚ ಹಾಕಿದ ಪೀಜಿ ನಡೆಯುತ್ತದೆ, ಅಲ್ಲಿರುವ ಹುಡುಗರು ಓದುತ್ತಲೂ ಇರಬಹುದು, ಹಾಗಾಗಿ ಅದನ್ನು ಪೂರ್ತಿ ಸುಳ್ಳೆನ್ನಲಾಗದು. ನನ್ನ ಗಣಿತದ ಮೇಷ್ಟರ ತಪ್ಪು ಏನೆಂದರೆ ಅವರು ಮೊದಲನೆಯ ನಕ್ಷೆಯನ್ನೇ ಮೇಸ್ತ್ರಿಗೆ ಕೊಟ್ಟರು. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಸರ್, ಇದು ಆಫೀಸಿಂದು. ಕಟ್ಟೋದು ಎಲ್ಲಿ?” ಎಂದು ಕೇಳಿದನಂತೆ.

ಇಡೀ ಊರಿನ ನಕ್ಷೆಯೇ ಇಂಥದ್ದಾಗಿರುವಾಗ ಮನೆಗಳನ್ನು ಅಂದು ಪ್ರಯೋಜನವಿಲ್ಲ. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಮಹಾಯೋಜನೆಯ ಹೆಸರಿನಲ್ಲಿಯೇ 2015 ಎಂಬ ಇಸವಿ ಇದೆ. 2031ರದ್ದೊಂದನ್ನು ಬರೆದು, ಜನರ ಮುಂದಿಟ್ಟು, ಆಮೇಲೆ ಹಿಂದಕ್ಕೆ ಪಡೆದರು. 2015 ಕಳೆದು ಇಷ್ಟು ವರ್ಷಗಳಾದ ಮೇಲೂ ಅದೇ ಹಳೆಯ ಪಂಚಾಂಗ ಹಿಡಿದು ಮುಹೂರ್ತ ಹುಡುಕುತ್ತಿದ್ದೇವೆ. ಪಾಲಿಕೆಯೂ ಈಗ ಒಂದಲ್ಲ. 2025ರ ಸೆಪ್ಟೆಂಬರಿನಲ್ಲಿ ಅದು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ಕೇಂದ್ರವೆಂದು ಐದಾಗಿ, ಮೇಲೊಂದು ಪ್ರಾಧಿಕಾರವೂ ಬಂದು ಕೂತಿದೆ. ಮೇಷ್ಟರ ಅರ್ಜಿ ಹಳೆಯ ಪಾಲಿಕೆಗೆ ಹೋದದ್ದು. ಅದು ಯಾವ ದಿಕ್ಕಿಗೆ ಹೋಯಿತೆಂದು ಕೇಳಲು ಹೋದಾಗ ಫಲಕ ಬರೆಯುವವನು ಏಣಿಯ ಮೇಲಿದ್ದ, ಗುಮಾಸ್ತರು ಏಣಿ ಹಿಡಿದುಕೊಂಡಿದ್ದರು.

ವಿಳಂಬಕ್ಕೆ ಪರಿಹಾರವೂ ಇದೆಯೆಂಬುದನ್ನು ಮರೆಯಬಾರದು. ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಲೆಂದು 2012ರಿಂದ ನಡೆದು ಬಂದ ‘ಸಕಾಲ’ದಡಿ ಕಟ್ಟಡ ಪರವಾನಗಿಯೂ ಬರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಒಟ್ಟು 500 ರೂಪಾಯಿ ಮೀರದಂತೆ, ಅರ್ಜಿದಾರ ಕೇಳಿ ಪಡೆಯಬಹುದು. ಇಪ್ಪತ್ತೈದು ದಿನದ ತಡಕ್ಕೆ ದಿನಕ್ಕೊಂದು ಕಾಫಿ. ಇಪ್ಪತ್ತಾರನೆಯ ದಿನದಿಂದ ಕಾಫಿಯೂ ನಮ್ಮದೇ. ಭೂಕಂದಾಯ ಕಾಯ್ದೆಯ 95ನೆಯ ಕಲಮಿನಲ್ಲಿ ಇದಕ್ಕಿಂತ ಉದಾತ್ತವಾದ ಮಾತೊಂದನ್ನು ದಶಕಗಳ ಹಿಂದೆಯೇ ಬರೆದಿಟ್ಟಿದ್ದರು: ಭೂಪರಿವರ್ತನೆಯ ಅರ್ಜಿಗೆ ನಾಲ್ಕು ತಿಂಗಳೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿತೆಂದೇ ಭಾವಿಸತಕ್ಕದ್ದು. ಭಾವಿಸಲು ನಮಗೇನೂ ಅಡ್ಡಿಯಿರಲಿಲ್ಲ. ಭಾವನೆಯ ಮೇಲೆ ಸಾಲ ಕೊಡುವ ಬ್ಯಾಂಕು ಮಾತ್ರ ಸಿಕ್ಕಲಿಲ್ಲ.

ನಡುವೆ ನೀಲಿ ಡ್ರಮ್ಮಿನ ಪ್ರಸಂಗವೊಂದಿದೆ. ಇಂತಿಷ್ಟು ಅಳತೆಯ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ, ಸರಿಯಾದ ನಿಯಮವೇ. ಮೇಷ್ಟರು ಚಾವಣಿಯಿಂದ ಕೊಳವೆ ಇಳಿಸಿ, ಜಲ್ಲಿ ಇದ್ದಿಲು ಮರಳು ತುಂಬಿದ ಸೋಸುಕವನ್ನು ತಾವೇ ನಿಂತು ಮಾಡಿಸಿದ್ದರು. ಫೋಟೋ ತೆಗೆಯಲು ಬಂದ ಮಧ್ಯವರ್ತಿ ಅದನ್ನು ನೋಡಿ ತಲೆಯಾಡಿಸಿ, ತನ್ನ ಗೂಡ್ಸ್ ಆಟೋದಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಇಳಿಸಿ, ಗೋಡೆಗೆ ಒರಗಿಸಿ ನಿಲ್ಲಿಸಿ, ಅದರ ಪಕ್ಕ ಮೇಷ್ಟರನ್ನೂ ನಿಲ್ಲಿಸಿ ಚಿತ್ರ ತೆಗೆದನಂತೆ. ನಿಜವಾದ ಸೋಸುಕ ಇಲ್ಲೇ ಇದೆಯಲ್ಲಪ್ಪಾ ಎಂದರೆ, “ಅದು ಸರಿ ಸರ್, ಆದರೆ ಅವರಿಗೆ ಇದು ನೋಡಿ ಅಭ್ಯಾಸ” ಎಂದ. ಡ್ರಮ್ಮಿನ ಮೈಮೇಲೆ ಬೇರೆ ಬೇರೆ ಬಡಾವಣೆಗಳ ಸುಣ್ಣ ಬಣ್ಣ ಮೆತ್ತಿಕೊಂಡಿತ್ತೆಂದು ಮೇಷ್ಟರು ವಿಶೇಷವಾಗಿ ಹೇಳಿದರು.

ಇಷ್ಟು ಹೊತ್ತು ನಕ್ಕೆ. ಆದರೆ ಮೇಷ್ಟರ ಮನೆಯ ಎದುರು ಇನ್ನೊಂದು ಕಟ್ಟಡವಿದೆ, ಅದರ ಮುಂದೆ ನಗು ನಿಲ್ಲುತ್ತದೆ. ಅದಕ್ಕೆ ನಕ್ಷೆಯಿಲ್ಲ, ಸುತ್ತ ಒಂದಡಿ ಜಾಗವಿಲ್ಲ. ಐದು ಅಂತಸ್ತು ಎದ್ದಿದೆ, ಮೇಲೊಂದು ತಗಡಿನ ಶೆಡ್ಡೂ ಇದೆ. ವಿದ್ಯುತ್ತಿನ ನಿಯಮ ಕಟ್ಟುನಿಟ್ಟಾಗುವ ಮೊದಲೇ ಮೀಟರು ಹಾಕಿಸಿಕೊಂಡ ಕಾರಣ ಪ್ರತಿ ಮನೆಯಲ್ಲೂ ದೀಪ ಉರಿಯುತ್ತದೆ. ಅದರ ಮಾಲೀಕನಿಗೆ ಯಾವ ಕಚೇರಿಯ ಭಯವೂ ಇಲ್ಲ, ಯಾಕೆಂದರೆ ಇಂದಲ್ಲ ನಾಳೆ ಸಕ್ರಮವಾಗುತ್ತದೆಂದು ಆತನಿಗೆ ಗೊತ್ತು. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡಗಳನ್ನು ಒಪ್ಪಿಕೊಳ್ಳುವ ಅಕ್ರಮ-ಸಕ್ರಮದ ಮಾತು 2007ರಿಂದ ಓಡಾಡುತ್ತಿದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟರೂ ಆಸೆಗೆ ತಡೆಯಿಲ್ಲ. ಕ್ರಮಬದ್ಧವಲ್ಲದ ಆಸ್ತಿಗಳನ್ನು ಬಿ ಖಾತಾ ಎಂದು ಬರೆದುಕೊಂಡು ವರ್ಷಗಟ್ಟಲೆ ತೆರಿಗೆ ವಸೂಲು ಮಾಡಿದವರೇ 2025ರಲ್ಲಿ ಮಾರ್ಗಸೂಚಿ ದರದ ನೂರಕ್ಕೆ ಐದು ಕೊಟ್ಟರೆ ಕ್ರಮಬದ್ಧ ಆಸ್ತಿಯ ಎ ಖಾತಾ ಮಾಡಿಕೊಡುತ್ತೇವೆಂದರು. ಮೊದಲು ಕೇಳಿ ಆಮೇಲೆ ಕಟ್ಟುವವನು ಹದಿನಾಲ್ಕು ಚದರಡಿಗೆ ಉತ್ತರ ಕೊಡಬೇಕು, ಮೊದಲು ಕಟ್ಟಿ ಆಮೇಲೆ ಕೇಳುವವನಿಗೆ ದರಪಟ್ಟಿ ಸಿಗುತ್ತದೆ. ಸರಳೀಕರಣ ಯಾರಿಗಾಗಿ ಆಗುತ್ತಿದೆಯೆಂದು ಈ ಇಪ್ಪತ್ತು ವರ್ಷದಲ್ಲಿ ಒಬ್ಬರೂ ಕೇಳಿಕೊಂಡಿಲ್ಲವೇ? 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಮಳೆಯ ನಡುವೆ ಕುಸಿದು ಕೂಲಿಗಾಗಿ ದೂರದ ರಾಜ್ಯಗಳಿಂದ ಬಂದವರು ಅಡಿಯಲ್ಲಿ ಸಿಕ್ಕಿ ಸತ್ತರು. ಅದು ಅನಧಿಕೃತವೆಂದು ಅಂದೇ ಹೇಳಿದರು. ನೋಟಿಸು ಕೊಟ್ಟಿದ್ದರಂತೆ. ನೋಟಿಸು ಕೊಟ್ಟವರು ಆ ರಸ್ತೆಯಲ್ಲಿ ಮತ್ತೆ ಹೋಗಲೇ ಇಲ್ಲವೇ? ಅಂತಸ್ತಿನ ಮೇಲೆ ಅಂತಸ್ತು ಏಳುವಾಗ ತಲೆಯೆತ್ತಿ ನೋಡಲು ಯಾವ ತಂತ್ರಾಂಶ ಬೇಕಾಗಿತ್ತು? ನನಗೆ ಇದರಲ್ಲಿ ವಿಡಂಬನೆ ಮಾಡಲು ಏನೂ ಕಾಣುತ್ತಿಲ್ಲ. ಒಂದು ಮನೆಯ ನಾಲ್ಕಂಗುಲವನ್ನು ಕಾಣಬಲ್ಲ ಕಣ್ಣಿಗೆ ಇನ್ನೊಂದರ ಐದು ಅಂತಸ್ತು ಕಾಣುವುದಿಲ್ಲ, ಮತ್ತು ಇದು ಕಣ್ಣಿನ ದೋಷವಲ್ಲವೆಂಬುದು ನಮಗೆಲ್ಲ ಗೊತ್ತಿದ್ದೂ ಸುಮ್ಮನಿದ್ದೇವೆ.

ಮೇಷ್ಟರ ಮನೆ ಈಗ ನಡೆಯುತ್ತಿರುವುದು ನಿರ್ಮಾಣಕಾಲಕ್ಕೆಂದು ಪಡೆದ ತಾತ್ಕಾಲಿಕ ಸಂಪರ್ಕದಲ್ಲಿ. ಅದರ ದರ ಗೃಹಬಳಕೆಯ ದರಕ್ಕಿಂತ ಹೆಚ್ಚಾದ್ದರಿಂದ ಸಂಜೆಯ ಹೊತ್ತು ಒಂದೇ ಕೋಣೆಯಲ್ಲಿ ದೀಪ ಹಚ್ಚಿ ಗಂಡ ಹೆಂಡತಿ ಅಲ್ಲಿಯೇ ಕೂರುತ್ತಾರೆ, ಎದುರಿನ ಐದು ಅಂತಸ್ತಿನ ಬೆಳಕು ಕಿಟಕಿಯಿಂದ ಬಿದ್ದಷ್ಟು ಉಳಿತಾಯ. ಕಾಗದದ ಪ್ರಕಾರ ಅಲ್ಲಿ ಮನೆಯೇ ಇನ್ನೂ ಮುಗಿದಿಲ್ಲ, ಹಾಗಾಗಿ ಅವರು ಅಲ್ಲಿ ವಾಸಿಸುತ್ತಲೂ ಇಲ್ಲ. ನಿನ್ನೆ ಹೋಗಿದ್ದಾಗ ಅದೇ ನೀಲಿ ಡ್ರಮ್ಮಿನ ಮಧ್ಯವರ್ತಿ ಬಂದು ಕೂತಿದ್ದ. ಅಳತೆಯಲ್ಲಿ ತಪ್ಪಿದೆಯೆಂದು ತಿದ್ದುಪಡಿ ಪತ್ರ ಮಾಡಿಸಿ, ಮತ್ತೊಮ್ಮೆ ಸರ್ವೆ ಮಾಡಿಸಿದರೆ ನಿವೇಶನ ಸರಿಯಾಗಿ 1200ಕ್ಕೆ ಬಂದು ನಿಲ್ಲುತ್ತದೆಂದು ಸಮಾಧಾನದಿಂದ ವಿವರಿಸಿದ. ನೆಲ ಕುಗ್ಗುವುದು ಹೇಗೆ ಸಾಧ್ಯವೆಂದು ಮೇಷ್ಟರು ಅಳತೆಯ ಟೇಪು ತಂದು ಅವನ ಮುಂದೆ ಹಾಕಿದರು. ಮೂರು ದಶಕ ಕ್ಷೇತ್ರಫಲ ಕಲಿಸಿದವರ ದನಿ ತುಸು ನಡುಗುತ್ತಿತ್ತು. ಅವನು ಟೇಪನ್ನು ಕೈಯಲ್ಲಿ ಎತ್ತಿ, ನಯವಾಗಿ ಸುತ್ತಿ, ಅವರಿಗೇ ಹಿಂದಿರುಗಿಸಿ ಹೇಳಿದ: “ನಿಮ್ಮ ಟೇಪು ಬೇಡ ಸರ್. ಅವರದೇ ಟೇಪು ಬರುತ್ತೆ.”