ಸೂರಿಲ್ಲದ ತೇರು

ಇಲಿಗಳು ಸೈಲೆನ್ಸರಿನೊಳಗೆ ಸಂಸಾರ ಹೂಡದಿರಲೆಂದು ಅದರ ಬಾಯಿಗೆ ಹಳೆಯ ಪಂಚೆಯ ತುಂಡೊಂದನ್ನು ತುರುಕುವುದರೊಂದಿಗೆ ನನ್ನ ಪಾಲಿಗೆ ಚಳಿಗಾಲ ಆರಂಭವಾಗುತ್ತದೆ. ಮಿನಿಯಾಪೊಲಿಸ್‌ನಲ್ಲಿ ಅದು ಅಕ್ಟೋಬರ್ ತಿಂಗಳ ಕೊನೆಯ ಶನಿವಾರ. ನೆರೆಯವರು ತಮ್ಮ ದೋಣಿಗಳಿಗೆ ಹೊದಿಕೆ ಬಿಗಿಯುತ್ತಿರುವಾಗ ನಾನು 1972ರ ನನ್ನ ಎಂಜಿಬಿ ಎಂಬ ತೆರೆದ ಸ್ಪೋರ್ಟ್ಸ್ ಕಾರನ್ನು ಮಲಗಿಸುವ ಸಿದ್ಧತೆಯಲ್ಲಿರುತ್ತೇನೆ. ಖಾಲಿ ಜಾಗದಲ್ಲಿ ತೇವ ಕೂಡದಂತೆ ಟ್ಯಾಂಕ್ ತುಂಬಿಸಿ, ಪೆಟ್ರೋಲು ಕೆಡದಂತೆ ಅದಕ್ಕೊಂದು ಔಷಧ ಬೆರೆಸಿ, ಹಳೆಯ ಆಯಿಲ್ ಇಳಿಸಿ ಹೊಸದು ಹೊಯ್ದು, ಸೀಟುಗಳ ಹಿಂದಿನ ಗುಂಡಿಯಲ್ಲಿ ಅವಿತಿರುವ ಆರಾರು ವೋಲ್ಟಿನ ಎರಡು ಬ್ಯಾಟರಿಗಳಿಗೆ ಚಾರ್ಜರಿನ ತಂತಿ ಸಿಕ್ಕಿಸಿ, ಕೊನೆಗೆ ಟಾಪ್ ಎಂಬ ಮಡಚುವ ಸೂರನ್ನು ಎಳೆದು ಮುಚ್ಚಬೇಕು. ಮಡಚಿಟ್ಟರೆ ಟಾಪಿನ ರೆಕ್ಸಿನ್ ಕುಗ್ಗಿ, ಮುಂದಿನ ವಸಂತದಲ್ಲಿ ಟಿಚ್ ಬಟನ್ನುಗಳು ಒಂದಕ್ಕೊಂದು ಎಟುಕುವುದಿಲ್ಲ. ಹೀಗಾಗಿ, ಬಯಲಿಗೆಂದೇ ಹುಟ್ಟಿದ ಈ ಕಾರು ಅರ್ಧ ವರ್ಷವನ್ನು ಗ್ಯಾರೇಜಿನ ಸೂರಿನ ಕೆಳಗೆ ತನ್ನ ಸೂರನ್ನೂ ಹೊದ್ದುಕೊಂಡೇ ಕಳೆಯುತ್ತದೆ.

ಇದರ ತವರು ಇಂಗ್ಲೆಂಡಿನ ಆಬಿಂಗ್ಡನ್. 1962ರಿಂದ 1980ರವರೆಗೆ ತಯಾರಾದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳಲ್ಲಿ ಅರ್ಧಕ್ಕಿಂತ ಮಿಕ್ಕಿ ಅಮೆರಿಕಕ್ಕೇ ಬಂದವು. ಜಿನುಗು ಮಳೆಯ ಆ ನಾಡಿನಲ್ಲಿ ಮೊದಮೊದಲು ಹೀಟರನ್ನು ಕೂಡ ಬೇರೆ ಹಣ ತೆತ್ತು ಹಾಕಿಸಿಕೊಳ್ಳಬೇಕಿತ್ತಂತೆ. ಕತ್ತಿಗೊಂದು ಮಫ್ಲರ್ ಸುತ್ತಿಕೊಂಡರೆ ಸಾಕೆಂದು ಅವರು ಭಾವಿಸಿದ್ದಿರಬೇಕು. ಆದರೂ ಹೊರದೇಶಗಳ ಹವೆಯ ಬಗ್ಗೆ ಅವರಿಗೆ ಒಂದು ಲೆಕ್ಕಾಚಾರವಿತ್ತು. ಎಂಜಿನ್ನಿನ ನೀರು ಎಷ್ಟು ಬಿಸಿಯಾದಾಗ ರೇಡಿಯೇಟರಿನತ್ತ ಹರಿಯಬೇಕೆಂಬುದನ್ನು ನಿರ್ಧರಿಸುವ ಥರ್ಮೋಸ್ಟಾಟ್ ಎಂಬ ಬಿಲ್ಲೆಯನ್ನು ಕುರಿತು ರಿಪೇರಿ ಪುಸ್ತಕದಲ್ಲಿ ಮೂರು ಸಾಲುಗಳಿವೆ: ಸಾಮಾನ್ಯವಾಗಿ 82 ಡಿಗ್ರಿಯದು, ಬಿಸಿ ದೇಶಗಳಿಗೆ 74ರದು, ಚಳಿ ದೇಶಗಳಿಗೆ 88ರದು. ಭೂಮಂಡಲವನ್ನೆಲ್ಲ ಮೂರೇ ಸಾಲಿನಲ್ಲಿ ಹಂಚಿ ಮುಗಿಸಿದ ಆ ಪುಸ್ತಕದ ಧೈರ್ಯವನ್ನು ಮೆಚ್ಚಲೇಬೇಕು. ಏಕೆಂದರೆ 1996ರ ಫೆಬ್ರವರಿ 2ರಂದು ನಮ್ಮ ಮಿನೆಸೋಟದ ಟವರ್ ಎಂಬ ಊರಿನಲ್ಲಿ ಉಷ್ಣತೆ ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು; 1990ರ ಜೂನ್ 26ರಂದು ಅರಿಜೋನಾದ ಫೀನಿಕ್ಸಿನಲ್ಲಿ ಅದು 50 ಡಿಗ್ರಿಗೆ ಏರಿತ್ತು. ನೀರು ಹೆಪ್ಪುಗಟ್ಟುವುದರಿಂದ ಕುದಿಯುವವರೆಗಿನ ದೂರವೇ ಈ ಎರಡು ಊರುಗಳ ನಡುವೆ ಇದೆ. ಅದನ್ನು 14 ಡಿಗ್ರಿ ಅಂತರದ ಮೂರು ಬಿಲ್ಲೆಗಳಲ್ಲಿ ನಿಭಾಯಿಸಲು ಆಬಿಂಗ್ಡನ್ನಿನವರು ಹೊರಟಿದ್ದರು.

ಫೀನಿಕ್ಸಿನ ಹೆಸರನ್ನು ನಾನು ಸುಮ್ಮನೆ ತಂದದ್ದಲ್ಲ. ಅಲ್ಲಿರುವ ನನ್ನ ಭಾವಮೈದುನನ ಬಳಿಯೂ ಇಂಥದೇ ಕಾರಿದೆ, ನನ್ನದನ್ನು ಹುಡುಕಿಕೊಟ್ಟವನೂ ಅವನೇ. ಅದಕ್ಕೆ ಮೊದಲು ನಾನು ಇಲ್ಲಿಯೇ ಒಂದು ಕಾರನ್ನು ನೋಡಿ ಬಹುಪಾಲು ಮನಸ್ಸು ಮಾಡಿದ್ದೆ. ಬಣ್ಣ ಥಳಥಳಿಸುತ್ತಿತ್ತು, ಡ್ಯಾಶ್‌ಬೋರ್ಡಿನಲ್ಲಿ ಒಂದು ಗೀರೂ ಇರಲಿಲ್ಲ. ಜೊತೆಗೆ ಬಂದಿದ್ದ ಹಿರಿಯ ಮೆಕ್ಯಾನಿಕ್ ಮಾತಿಲ್ಲದೆ ಒಂದು ಪಕ್ಕಕ್ಕೆ ಜಾಕ್ ಕೊಟ್ಟು ಎತ್ತಿ, ಬಾಗಿಲು ತೆರೆಯುವಂತೆ ನನಗೆ ಸನ್ನೆ ಮಾಡಿದರು. ಎಷ್ಟು ಎಳೆದರೂ ಅದು ಬರಲಿಲ್ಲ. ಈ ಕಾರಿಗೆ ಚಾಸಿ ಎಂಬ ಬೇರೆ ಅಡಿಚೌಕಟ್ಟಿಲ್ಲ. ಮೇಲೆ ಸೂರೂ ಇಲ್ಲದ್ದರಿಂದ ಮುಂಭಾಗ ಹಿಂಭಾಗಗಳನ್ನು ಹಿಡಿದಿಡುವ ಭಾರವೆಲ್ಲ ಬಾಗಿಲುಗಳ ಕೆಳಗಿನ ಹೊಸ್ತಿಲ ಮೇಲೆಯೇ ಬೀಳುತ್ತದೆ. ಆ ಹೊಸ್ತಿಲು ತಗಡಿನ ಮೇಲೆ ತಗಡು ಬೆಸೆದು ಮಾಡಿದ ಪೊಳ್ಳು ತೊಲೆ. ಹಿಮ ಕರಗಿಸಲು ರಸ್ತೆಗೆ ಎರಚಿದ ಉಪ್ಪು ನೀರಾಗಿ ಅದರೊಳಗೆ ಸೇರಿದರೆ ಹೊರಗಿನ ಬಣ್ಣಕ್ಕೆ ತಿಳಿಯದಂತೆ ಒಳಗೆಲ್ಲ ತುಕ್ಕಾಗಿ, ಜಾಕ್ ಎತ್ತಿದೊಡನೆ ಕಾರು ನಡುವಿನಲ್ಲಿ ಬಾಗಿ ಬಾಗಿಲನ್ನು ಕಚ್ಚಿಕೊಳ್ಳುತ್ತದೆ. ಚಳಿಯನ್ನು ತಾಳಿಕೊಳ್ಳಲು ರೇಡಿಯೇಟರಿಗೆ ಅರ್ಧಕ್ಕರ್ಧ ಗ್ಲೈಕಾಲ್ ಬೆರೆಸಿದರೆ ಆಯಿತು, ಉಪ್ಪಿಗೆ ಅಂಥ ಮದ್ದಿಲ್ಲ.

ಮರುಭೂಮಿಯ ಕಾರಿನ ಜಾತಕ ಇದಕ್ಕೆ ತದ್ವಿರುದ್ಧ. ಫೀನಿಕ್ಸಿನಿಂದ ಲಾರಿಯೇರಿ ಬಂದ ನನ್ನ ಕಾರಿನ ಹೊಸ್ತಿಲನ್ನು ಎಲ್ಲಿ ತಟ್ಟಿದರೂ ಕಂಚಿನ ಪಾತ್ರೆಯಂತೆ ನುಡಿಯಿತು; ಡ್ಯಾಶ್‌ಬೋರ್ಡ್ ಮಾತ್ರ ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದಂತೆ ಬಾಯಿಬಿಟ್ಟಿತ್ತು, ಬಾಗಿಲಿನ ರಬ್ಬರು ಮುಟ್ಟಿದಲ್ಲೆಲ್ಲ ಪುಡಿಯಾಗಿ ಬೆರಳಿಗಂಟಿತು. ರಬ್ಬರನ್ನು ಅಂಗಡಿಯಿಂದ ತರಬಹುದು, ಹೊಸ್ತಿಲನ್ನು ಅಷ್ಟು ಸುಲಭವಾಗಿ ಬದಲಿಸಲಾಗುವುದಿಲ್ಲವೆಂದು ಸಮಾಧಾನ ಮಾಡಿಕೊಂಡೆ.

ನಮ್ಮಿಬ್ಬರ ಪಂಚಾಂಗವೂ ತಲೆಕೆಳಗು. ಜುಲೈ ತಿಂಗಳಲ್ಲಿ ಸ್ಟಿಯರಿಂಗ್ ಹಿಡಿಯಲು ಅವನಿಗೆ ಒಲೆಯ ಮೇಲಿನ ಪಾತ್ರೆ ಇಳಿಸುವ ಬಟ್ಟೆ ಬೇಕು; ನಡುಹಗಲಲ್ಲಿ ಟಾಪ್ ಇಳಿಸುವ ಮಾತೇ ಇಲ್ಲ, ಸಂಜೆ ಇಳಿಸೋಣವೆಂದರೆ ಆ ತಿಂಗಳುಗಳಲ್ಲಿ ಧೂಳಿನ ಗೋಡೆಯೇ ಎದ್ದು ಬರಬಹುದು. ಅವನ ಕಾರು ಕಣ್ಣು ಬಿಡುವುದು ನನ್ನದು ಕಣ್ಣು ಮುಚ್ಚಿದ ಮೇಲೆ. ಜನವರಿಯ ಭಾನುವಾರಗಳಲ್ಲಿ ತಪ್ಪದೆ ಫೋನ್ ಮಾಡಿ, "ಭಾವ, ಈಗಷ್ಟೇ ಒಂದು ಸುತ್ತು ಹಾಕಿ ಬಂದೆ. ನಿಮ್ಮದು ಎದ್ದಿತೇ?" ಎಂದು ವಿನಯದಿಂದ ವಿಚಾರಿಸುತ್ತಾನೆ. ಆ ವಿನಯವೇ ನನಗೆ ಸಹಿಸಲಾಗದ್ದು.

ಒಂದು ಮಾರ್ಚ್ ತಿಂಗಳಲ್ಲಿ ಅಂಥ ಫೋನ್ ಕೇಳಿದ ಹುರುಪಿನಲ್ಲಿಯೇ ನಾನು ಗ್ಯಾರೇಜಿಗೆ ಹೋಗಿದ್ದೆ. ಬಿಸಿಲೇನೋ ಚೆನ್ನಾಗಿತ್ತು. ಗ್ಯಾರೇಜಿನ ಒಳಗೆ ಇನ್ನೂ ಫೆಬ್ರವರಿಯೇ ನಡೆಯುತ್ತಿದೆಯೆಂಬುದು ಹೊಳೆಯದೆ ಟಾಪನ್ನು ಹಿಂದಕ್ಕೆ ಮಡಚಿದೆ. ಹಪ್ಪಳ ಮುರಿದಂಥ ಒಂದು ಸದ್ದು ಕೇಳಿತು. ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಮೂಲೆಯಿಂದ ಮೂಲೆಗೆ ಸೀಳಿತ್ತು. ಹೊಸ ಟಾಪ್ ಬರುವವರೆಗೆ ಅಗಲವಾದ ಅಂಟುಪಟ್ಟಿಯ ಮೂಲಕವೇ ಹಿಂದಿನ ಲೋಕವನ್ನು ನೋಡಿದೆ.

ನಂಜನಗೂಡಿನವರಾದ ನನ್ನ ತಾಯಿ ಇಲ್ಲಿಗೆ ಬಂದಿದ್ದಾಗ ಈ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನಮ್ಮೂರ ತೇರೇ ಇದು ಕಣೋ. ವರ್ಷವಿಡೀ ಕಾಯುವುದು, ಒಂದು ದಿನ ಎಳೆಯುವುದು," ಎಂದರು. ಆಮೇಲೆ ನನ್ನ ಮುಖ ನೋಡಿ, "ತೇರನ್ನಾದರೂ ಊರೆಲ್ಲ ಸೇರಿ ಎಳೀತಾರೆ," ಎಂದು ಸೇರಿಸಿದರು. ಹೋದ ವರ್ಷ ನಾನು ಟಾಪ್ ಇಳಿಸಿ ಓಡಿಸಿದ್ದು ಮೂವತ್ತೆಂಟು ದಿನ. ಆ ಲೆಕ್ಕವನ್ನು ಅವರಿಗೆ ಹೇಳಿಲ್ಲ. ಹೋಲಿಕೆಯಂತೂ ಸುಳ್ಳಲ್ಲ. ಊರಿನಲ್ಲಿ ದೊಡ್ಡ ಜಾತ್ರೆಗೆ ಐದು ತೇರುಗಳು ಹೊರಡುವ ಹೊತ್ತಿಗೇ ನಾನೂ ಇಲ್ಲಿ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿರುತ್ತೇನೆ. ಹಿಮ ಕರಗಿದರೆ ಸಾಲದು, ರಸ್ತೆಯ ಉಪ್ಪು ತೊಳೆದುಹೋಗುವಂತೆ ಎರಡು ಮೂರು ಒಳ್ಳೆಯ ಮಳೆ ಆಗಬೇಕು. ಸೂರಿಲ್ಲದ ಕಾರಿನ ಒಡೆಯ ಮಳೆಗಾಗಿ ಹಂಬಲಿಸುವುದು ಆ ಮೂರು ವಾರ ಮಾತ್ರ.

ಈ ವರ್ಷ ಏಪ್ರಿಲ್ ಮೂರನೆಯ ವಾರದಲ್ಲಿ ಅಂಥ ಮಳೆಗಳು ಬಂದವು. ಸೈಲೆನ್ಸರಿನಿಂದ ಪಂಚೆಯ ತುಂಡನ್ನು ಎಳೆದು, ಚೋಕ್ ಎಳೆದು ಕೀಲಿ ತಿರುಗಿಸಿದೆ. ಎಂಜಿನ್ ಗುರುಗುಟ್ಟಿ, ಕೆಮ್ಮಿ, ನಿಂತಿತು. ನಾಲ್ಕು ಸಲ ಹೀಗಾದ ಮೇಲೆ ಬಾನೆಟ್ ಎತ್ತಿ, ಎರಡು ಕಾರ್ಬುರೇಟರುಗಳ ಏರ್ ಫಿಲ್ಟರುಗಳನ್ನು ಬಿಚ್ಚಿದೆ. ಒಂದು ಚೊಕ್ಕಟವಾಗಿತ್ತು. ಇನ್ನೊಂದರಲ್ಲಿ ಬೆಚ್ಚನೆಯ ಪುಟ್ಟ ಗೂಡು. ಸೀಟಿನ ಹತ್ತಿ, ಒಣಹುಲ್ಲು, ನಡುವೆ ಮಿನುಗುವ ಹಳದಿ ಎಳೆಗಳು. ಕೈಯಲ್ಲಿದ್ದ ಪಂಚೆಯ ತುಂಡನ್ನು ಬಿಡಿಸಿ ನೋಡಿದೆ. ಅದರ ಜರಿಯಂಚು ಇರಲಿಲ್ಲ.