ಮಗನ ಗೆಳೆಯ ನಮಗೆ ಹಿಡಿಸದಿದ್ದಾಗ

ಪುಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹದಿಹರೆಯದ ಮಕ್ಕಳನ್ನು ‘ಅವನ ಜೊತೆ ಸೇರಬೇಡ’ ಎಂದು ಯಾರೂ ಗದರಿಸುವುದಿಲ್ಲ. ಟ್ಯೂಷನ್ನಿನ ಬ್ಯಾಚ್ ಬದಲಾಗುತ್ತದೆ, ಶನಿವಾರಕ್ಕೆ ಈಜಿನ ತರಗತಿ ಬಂದು ಕೂರುತ್ತದೆ, ಹುಟ್ಟುಹಬ್ಬಕ್ಕೆ ಯಾರನ್ನು ಕರೆಯಬೇಕೆಂದು ಅಪ್ಪ ಅಮ್ಮನೇ ತೀರ್ಮಾನಿಸುತ್ತಾರೆ. ಹಿಡಿಸದ ಹುಡುಗ ಸದ್ದಿಲ್ಲದೆ ದೂರವಾಗುತ್ತಾನೆ. ನಮ್ಮ ಶಿಡ್ಲಘಟ್ಟದಲ್ಲಿ ಅಕ್ಕ ಬಾಗಿಲಲ್ಲೇ ನಿಂತು ಬೈಯುತ್ತಾಳೆ. ಬೈಸಿಕೊಂಡ ಹುಡುಗ ಮರುದಿನ ಸಂಜೆ ಅದೇ ಬಾಗಿಲಿಗೆ ಬರುತ್ತಾನೆ. ಇವೆರಡರಲ್ಲಿ ಊರಿನ ರೀತಿಯೇ ಮೇಲು ಎಂದು ನನಗೆ ಅನಿಸುತ್ತದೆ. ಬೈಗುಳ ನೋಯಿಸುತ್ತದೆ, ನಿಜ. ಆದರೆ ಮಗನ ಒಡನಾಟ ಯಾರ ಜೊತೆಗಿದೆ ಎಂಬುದು ಅಕ್ಕನಿಗೆ ಗೊತ್ತಿದೆ. ಇಲ್ಲಿನ ಎಷ್ಟೋ ತಂದೆತಾಯಿಗೆ ಅದೂ ಗೊತ್ತಿಲ್ಲ.

ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ಅವನ ಗೆಳೆಯ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿ, ಈಗ ಬೆಳಿಗ್ಗೆ ತಂದೆಯ ಹಿಂದೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುತ್ತಾನೆ. ನೂಲು ಬಿಚ್ಚುವ ಮನೆಯವನು. ಗೂಡು ಬೇಯಿಸಿದ ವಾಸನೆ ಅಂಗಿಗೆ ಹತ್ತಿರುತ್ತದೆ. ಗೂಡೊಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ಹುಳು ಸದ್ದು ಮಾಡುವ ರೀತಿಯಿಂದಲೇ ಅದು ಬಲಿತಿದೆಯೋ ಇಲ್ಲವೋ ಹೇಳುತ್ತಾನೆ. ಇಷ್ಟು ಜಾಣನಾದರೂ ಅಕ್ಕನ ಪಾಲಿಗೆ ಅವನು ಓದು ಬಿಟ್ಟ ಹುಡುಗ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆ ಅವಳ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಅವಳ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿಸಿದ್ದರು. ಓರಗೆಯವರು ಜೊತೆಗಿದ್ದಾಗ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈಹಾಕಿದರು. ಒಳ್ಳೆಯ ಮನೆತನ, ಒಳ್ಳೆಯ ಅಂಕಗಳಿದ್ದರೆ ಈ ಹುಮ್ಮಸ್ಸು ತಗ್ಗುತ್ತದೆಂದು ನಂಬಲು ನನಗಂತೂ ಕಾರಣ ಕಾಣುವುದಿಲ್ಲ. ನೂರಕ್ಕೆ ತೊಂಬತ್ತು ತೆಗೆದ ಇಬ್ಬರು ಹೆಲ್ಮೆಟ್ ಇಲ್ಲದೆ ಚಿಂತಾಮಣಿ ರಸ್ತೆಯಲ್ಲಿ ಬೈಕ್ ಓಡಿಸಿದರೂ ಅಪಾಯ ಅಷ್ಟೇ. ಲೈಸೆನ್ಸ್ ಇಲ್ಲದೆ ಬೈಕ್ ಮುಟ್ಟಬೇಡ, ಕತ್ತಲಾಗುವ ಮೊದಲು ಮನೆ ಸೇರು ಎಂದು ಕಟ್ಟುನಿಟ್ಟು ಮಾಡಲಿ. ಇಂಥವನ ಮುಖ ನೋಡಬೇಡ ಎನ್ನುವ ಅಧಿಕಾರ ಮಾತ್ರ ತಾಯಿಗೂ ಇಲ್ಲ ಎಂಬುದು ನನ್ನ ನಿಲುವು.

ಕಳೆದ ಬೇಸಿಗೆಯಲ್ಲಿ ನನ್ನೆದುರಿಗೇ ಈ ಜಗಳ ನಡೆಯಿತು. ಹುಡುಗ ಕಾಫಿ ಲೋಟ ಕೆಳಗಿಟ್ಟು, “ಅಮ್ಮಾ, ನನಗೆ ಬೈಯಿ. ಅವನಿಗೆ ಆಗಲೇ ಊರೆಲ್ಲ ಬೈದಿದೆ. ನಾನೂ ಬಿಟ್ಟರೆ ಅವನಿಗೆ ಯಾರಿದ್ದಾರೆ?” ಎಂದ. ಅಕ್ಕ ಇದನ್ನು ಎದುರುತ್ತರ ಎಂದುಕೊಂಡಳು. ನನಗೆ ಹೆಮ್ಮೆಯಾಯಿತು. ಸೋತವನ ಪಕ್ಕದಲ್ಲಿ ನಿಲ್ಲುವ ಬುದ್ಧಿಯನ್ನು ಯಾವ ಟ್ಯೂಷನ್ನೂ ಕಲಿಸುವುದಿಲ್ಲ. ಆ ಬುದ್ಧಿಯನ್ನು ನಾವೇ ಬೈದು ಬಿಡಿಸಿದರೆ, ನಾಳೆ ನಮ್ಮ ಕಷ್ಟದಲ್ಲಿ ಅವನು ಜೊತೆಗಿರಲಿ ಎಂದು ಯಾವ ಬಾಯಿಂದ ಕೇಳುವುದು?

2024ರಿಂದ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದೆ. ಒಂದರಲ್ಲಿ ಎಡವಿದವರಿಗೆ ಅದೇ ವರ್ಷ ಮತ್ತೆ ಅವಕಾಶವಿದೆ. ಸೋದರಳಿಯ ಗೆಳೆಯನಿಗೆ ಗಣಿತ ಹೇಳಿಕೊಡಲು ಸಿದ್ಧನಿದ್ದಾನೆ. ಅವರು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರುವ ಬದಲು ನಿನ್ನ ಪಡಸಾಲೆಯಲ್ಲೇ ಕೂರಲಿ, ಮಾರುಕಟ್ಟೆಯಿಂದ ಹಸಿದು ಬಂದವನಿಗೆ ಒಂದು ಮುದ್ದೆ ಹೆಚ್ಚಿಗೆ ಮಾಡು ಎಂದು ಅಕ್ಕನಿಗೆ ಹೇಳಿದ್ದೇನೆ. ಅವಳು ಇನ್ನೂ ಒಪ್ಪಿಲ್ಲ. ಪರೀಕ್ಷೆಯ ಶುಲ್ಕವನ್ನು ನಾನೇ ಕಳುಹಿಸುತ್ತೇನೆಂದು ಹುಡುಗರಿಬ್ಬರಿಗೂ ಮಾತು ಕೊಟ್ಟಿದ್ದೇನೆ.