ಗೇರ್‌ಬಾಕ್ಸಿನಲ್ಲೊಂದು ಲಗ್ನಪತ್ರಿಕೆ

ಶುಂಠಿ ರೇಟು ಬಿದ್ದ ವರ್ಷ ನಮ್ಮ ಆಲೂರು, ಅರಕಲಗೂಡು ಕಡೆ ಏನೇನೋ ಮಾರಾಟಕ್ಕೆ ಬರುತ್ತವೆ. ಸ್ಪ್ರಿಂಕ್ಲರ್ ಪೈಪು, ಔಷಧಿ ಹೊಡೆಯುವ ಪಂಪು, ಒಂದೇ ಮಳೆಗಾಲ ಕಂಡ ಜೀಪು. ರೇಟು ಏರಿದಾಗ ಸಾಲ ಮಾಡಿ ಕೊಂಡಿದ್ದನ್ನು ಇಳಿದಾಗ ಸಾಲ ತೀರಿಸೋಕೆ ಮಾರುತ್ತಾರೆ. ಇಂಥ ಸುದ್ದಿ ನಮ್ಮನೆಯವರಿಗೆ ಎಲ್ಲಿಂದಲೋ ಬಂದು ತಲುಪುತ್ತದೆ. ಗ್ಯಾಸ್ ಬುಕ್ ಮಾಡಿ ಅಂದರೆ ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ. ಹಳೇ ಮಿಷನ್ನಿನ ಫೋಟೋ ಬರುವಾಗ ಮಾತ್ರ ನಾಲ್ಕೂ ಕಡ್ಡಿ ಇರುತ್ತವೆ.

ಹಾಗೆ ಬಂದಿದ್ದು ಈ ಟಿಲ್ಲರ್. ಟಿಲ್ಲರ್ ಅಂದ ಕೂಡಲೇ ಗದ್ದೆಗೆ ಇಳಿಯುವ 13 ಹೆಚ್‌ಪಿ ಡೀಸೆಲ್ ಟಿಲ್ಲರ್ ನೆನೆಸಿಕೊಳ್ಳಬೇಡಿ. ಅದರ ಗತ್ತೇ ಬೇರೆ. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪನಿಯವರು ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ತಯಾರಿಸಿದ ಆ ಟಿಲ್ಲರ್ ಎಷ್ಟೋ ಊರಿನ ಗದ್ದೆಗಳಲ್ಲಿ ಎತ್ತುಗಳಿಗೆ ನಿವೃತ್ತಿ ಕೊಡಿಸಿತು. ಹಿಂದೆ ಟ್ರೈಲರ್ ಕಟ್ಟಿಕೊಂಡು ಗೊಬ್ಬರ, ಹುಲ್ಲು, ಕೊನೆಗೆ ದಿಬ್ಬಣದ ಜನರನ್ನೂ ಹೊತ್ತಿದೆ. ನಮ್ಮದು ತೋಟದಲ್ಲಿ ಕಳೆ ತೆಗೆಯುವ ಚಿಕ್ಕ ಪೆಟ್ರೋಲ್ ಟಿಲ್ಲರ್. ಚಕ್ರ ಇರಬೇಕಾದ ಜಾಗದಲ್ಲಿ ಬ್ಲೇಡು. ಅವೇ ಮಣ್ಣು ಅಗೆಯುತ್ತವೆ, ಅವೇ ಮಿಷನ್ನನ್ನು ಮುಂದಕ್ಕೆ ಎಳೆಯುತ್ತವೆ.

"ಹೊಸದು ತಗೊಂಡ್ರೆ ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಸಿಗುತ್ತಲ್ಲ ರೀ?" ಅಂದೆ.

"ಪಹಣಿ, ಆಧಾರ್, ಪಾಸ್‌ಬುಕ್ಕು ಅಂತ ಅರ್ಜಿ ಹಾಕಿ ಕಾಯಬೇಕು. ಆಲೂಗೆಡ್ಡೆ ನಮಗೋಸ್ಕರ ಕಾಯುತ್ತಾ?"

ಮಾತೇನೋ ನಿಜ. ನಮ್ಮ ಜಿಲ್ಲೆಯಲ್ಲಿ ಮೇ ತಿಂಗಳ ಮಳೆ ನೋಡಿಕೊಂಡು ಆಲೂಗೆಡ್ಡೆ ಹಾಕುವುದು ಶುರುವಾಗುತ್ತದೆ. ಜಲಂಧರದ ಬೀಜದ ಗೆಡ್ಡೆ ಹೊತ್ತ ಲಾರಿಗಳು ಹಾಸನದ ಎಪಿಎಂಸಿಗೆ ಬಂದು ನಿಂತವೆಂದರೆ ಆಮೇಲೆ ಯಾರಿಗೂ ಪುರುಸೊತ್ತಿಲ್ಲ. ಆದರೆ ನಮ್ಮದು ಹಿತ್ತಲಲ್ಲಿ ಮನೆಖರ್ಚಿಗೆ ಹಾಕುವ ನಾಲ್ಕು ಸಾಲು. ಗುದ್ದಲಿ ಹಿಡಿದ ಒಂದಾಳು ಮಧ್ಯಾಹ್ನದ ಊಟದೊಳಗೆ ಅಗೆದು ಮುಗಿಸುವಷ್ಟು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ದುಡ್ಡು ಆಗಲೇ ಕೊಟ್ಟಾಗಿತ್ತು.

ಮಿಷನ್ ಬಂದಿದ್ದು ಗೂಡ್ಸ್ ಆಟೋದಲ್ಲಿ. ಅರ್ಧ ಹಾಗೇ ಇತ್ತು, ಇನ್ನರ್ಧ ಗೋಣಿಚೀಲದಲ್ಲಿತ್ತು. "ಎಲ್ಲಾ ಇದೆ, ಜೋಡಿಸಿಬಿಟ್ರೆ ಓಡುತ್ತೆ" ಅಂದಿದ್ದರಂತೆ ಮಾರಿದವರು. ಅತ್ತೆ ಜಗಲಿಯಿಂದ ಎದ್ದು ಬಂದು ಚೀಲದೊಳಗೆ ಇಣುಕಿದರು. "ಗುಜರಿಯವನು ಮನೆಗೆ ಬಂದು ತಗೊಂಡು ಹೋಗೋದು ನೋಡಿದೀನಿ. ತಂದು ಹಾಕಿ ದುಡ್ಡು ಇಸ್ಕೊಂಡು ಹೋಗೋದು ಇದೇ ಮೊದಲು ನೋಡ್ತಿರೋದು ಕಣಪ್ಪ" ಅಂದರು.

ಹಳೇ ಮಿಷನ್ ಬಿಚ್ಚುವುದೆಂದರೆ ಹಿಂದಿನ ಯಜಮಾನರ ಮನೆಯೊಳಕ್ಕೇ ಕಾಲಿಟ್ಟ ಹಾಗೆ. ಯಾರು ಎಷ್ಟು ಜಿಪುಣರು, ಯಾರಿಗೆ ಎಷ್ಟು ಅವಸರ ಅಂತೆಲ್ಲ ಗೊತ್ತಾಗಿಬಿಡುತ್ತದೆ. ಪಿನ್ನು ಇರಬೇಕಾದ ಕಡೆ ಬಗ್ಗಿಸಿದ ಮೊಳೆ. ಪೆಟ್ರೋಲ್ ಪೈಪಿಗೆ ಸ್ಕೂಟರಿನ ಕ್ಲಚ್ ವೈರಿನ ಸುತ್ತು. ಟ್ಯಾಂಕಿನ ಮುಚ್ಚಳದ ಬದಲು ಹಾಲಿನ ಕವರು, ಅದಕ್ಕೆ ರಬ್ಬರ್ ಬ್ಯಾಂಡು. ಏರ್ ಫಿಲ್ಟರಿನ ಸ್ಪಂಜು ಯಾವುದೋ ಸೀಟಿನಿಂದ ಕಿತ್ತದ್ದು, ಮೂಲೆಯಲ್ಲಿ ಹಸಿರು ರೆಕ್ಸಿನ್ ಇನ್ನೂ ಅಂಟಿಕೊಂಡಿತ್ತು. ಒಬ್ಬೊಬ್ಬರೂ "ಸದ್ಯಕ್ಕೆ ಇರಲಿ" ಅಂತ ಮಾಡಿದ್ದು. ನಮ್ಮ ಕಡೆ ಸದ್ಯಕ್ಕೆ ಮಾಡಿದ್ದರಷ್ಟು ಗಟ್ಟಿಯಾಗಿ ಬಾಳುವುದು ಇನ್ನೊಂದಿಲ್ಲ.

ಮಗ ಪಿಯುಸಿ ಓದುತ್ತಾನೆ. ಓದುತ್ತಾನೆ ಅಂತ ನಂಬಿದ್ದೇವೆ. ಅವನು ಅಪ್ಪನಿಗೆ ಫೋನಿನಲ್ಲಿ ಒಂದು ವೀಡಿಯೋ ಹಾಕಿಕೊಟ್ಟ. ತುಕ್ಕು ಹಿಡಿದ ಮಿಷನ್ನನ್ನು ಯಾರೋ ಬಿಳಿ ಗ್ಲೌಸು ಹಾಕಿಕೊಂಡು ಮಾತೇ ಆಡದೆ ಬಿಚ್ಚಿ, ತೊಳೆದು, ಬಣ್ಣ ಬಳಿದು, ಜೋಡಿಸಿಬಿಡುತ್ತಾರೆ. ಆ ವೀಡಿಯೋದಲ್ಲಿ ಒಂದು ನಟ್ಟೂ ಉರುಳಿ ಸೋಫಾ ಕೆಳಗೆ ಹೋಗಲಿಲ್ಲ. ಹೆಂಡತಿಯೂ ಇರಲಿಲ್ಲ.

ನಮ್ಮಲ್ಲಿ ನಟ್ಟು ಬೋಲ್ಟು ಉರುಳಬಾರದು ಅಂತ ನನ್ನ ಇಡ್ಲಿ ತಟ್ಟೆಗಳು ಹೋದವು. ಒಂದೊಂದು ಗುಳಿಗೆ ಒಂದೊಂದು ಸೈಜು. "ನೋಡು, ಎಷ್ಟು ಅಚ್ಚುಕಟ್ಟು!" ಅಂತ ತೋರಿಸಿದರು. ಆ ವಾರ ಮನೆಯಲ್ಲಿ ಬರೀ ಉಪ್ಪಿಟ್ಟು.

ಎಂಜಿನ್ ಸ್ಟಾರ್ಟ್ ಮಾಡಲು ಹಗ್ಗ ಎಳೆಯುತ್ತಾರಲ್ಲ, ಅದರ ಡಬ್ಬಿಯೊಳಗೆ ಉದ್ದನೆಯ ಉಕ್ಕಿನ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿ ಕೂರಿಸಿರುತ್ತಾರೆ. ಹಗ್ಗವನ್ನು ಒಳಕ್ಕೆ ಎಳೆದುಕೊಳ್ಳುವ ಸ್ಪ್ರಿಂಗ್ ಅದು. ನಮ್ಮನೆಯವರು ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಾಕಿ ಮೀಟಿದರು. ಸ್ಪ್ರಿಂಗ್ ಝಳ್ ಅಂತ ಹೊರಗೆ ಹಾರಿ ಅಂಗಳದುದ್ದಕ್ಕೂ ಬಿಚ್ಚಿಕೊಂಡು, ಹಪ್ಪಳ ಒಣಗಿಸಿದ್ದ ಚಾಪೆ ಮೇಲೆ ಹೋಗಿ ಒದ್ದಾಡಿತು. ಅತ್ತೆ "ಹಾವು! ಹಾವು!" ಅಂತ ಕೂಗಿ ಕೈಗೆ ಸಿಕ್ಕ ಪೊರಕೆಯಲ್ಲಿ ಹೊಡೆದೇ ಹೊಡೆದರು. ಸ್ಪ್ರಿಂಗಿಗೆ ಏನೂ ಆಗಲಿಲ್ಲ. ಹಪ್ಪಳ ಹೋಯಿತು. ಅದನ್ನು ಮತ್ತೆ ಸುತ್ತಿ ಡಬ್ಬಿಗೆ ತುಂಬಲು ಅಪ್ಪ, ಮಗ, ಪಕ್ಕದ ಮನೆಯ ಅಣ್ಣ ಮೂವರೂ ಬೇಕಾದರು. ಒಬ್ಬರು ಒತ್ತಿ ಹಿಡಿಯಬೇಕು, ಒಬ್ಬರು ಸುತ್ತಬೇಕು, ಇನ್ನೊಬ್ಬರು "ಉಲ್ಟಾ ಆಯ್ತು, ಉಲ್ಟಾ ಆಯ್ತು" ಅನ್ನುತ್ತಿರಬೇಕು.

ಕಾರ್ಬೋರೇಟರ್ ಬಿಚ್ಚಿದಾಗ ತಳದಲ್ಲಿ ಹಳೇ ಪೆಟ್ರೋಲು ಅಂಟಂಟಾಗಿ ಹಳದಿಗಟ್ಟಿ ಕೂತಿತ್ತು. ಪೆಟ್ರೋಲನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದರಲ್ಲಿ ಹಗುರ ಇರುವುದೆಲ್ಲ ಆರಿಹೋಗಿ ಇದೇ ಉಳಿಯುವುದು. ಎಂಜಿನ್ ಕುಡಿಯಬೇಕಾದ ಪೆಟ್ರೋಲೆಲ್ಲ ಜೆಟ್ ಎಂಬ ಹಿತ್ತಾಳೆಯ ತುಣುಕಿನ ತೂತಿನಿಂದಲೇ ಹೋಗಬೇಕು. ಆ ತೂತು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ಆಚೆ ಏನೂ ಕಾಣಲಿಲ್ಲ. ನನ್ನ ಹೊಲಿಗೆ ಡಬ್ಬಿಯ ಸೂಜಿಗೆ ಕೈ ಹಾಕಿದರು. ಸೂಜಿ ತುರುಕಿದರೆ ತೂತು ದೊಡ್ಡದಾಗಿ ಆಮೇಲೆ ಎಂಜಿನ್ ಕಪ್ಪು ಹೊಗೆ ಬಿಡುತ್ತದೆ ಅಂತ ಪಕ್ಕದ ಮನೆ ಅಣ್ಣ ತಡೆದರು. ಕರೆಂಟ್ ವೈರಿನಿಂದ ತಾಮ್ರದ ಒಂದೇ ಎಳೆ ಕಿತ್ತು, ಅದನ್ನು ಆಡಿಸಿ, ಹೊಸ ಪೆಟ್ರೋಲಲ್ಲಿ ತೊಳೆದು ಮತ್ತೆ ಎತ್ತಿ ಹಿಡಿದರೆ ತೂತಿನಾಚೆ ಒಂದು ಚುಕ್ಕೆ ಬೆಳಕು. ಅಷ್ಟಕ್ಕೇ ಮೂವರೂ ಕಾಫಿ ಕೇಳಿದರು.

ಇನ್ನು ಗೇರ್‌ಬಾಕ್ಸು. ಪಕ್ಕದ ಮುಚ್ಚಳ ತೆಗೆದರೆ ಆಯಿಲ್ ಸೋರದ ಹಾಗೆ ಮಧ್ಯೆ ಕೂರಿಸುವ ಪ್ಯಾಕಿಂಗ್ ಇತ್ತು. ಅದು ಕಂಪನಿಯದಲ್ಲ. ಯಾರೋ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಹಾಕಿದ್ದರು. ಆಯಿಲ್ ಕುಡಿದು ಕಪ್ಪಾದ ರಟ್ಟಿನ ಅಂಚಿನಲ್ಲಿ "ಅಮಾವಾಸ್ಯೆ" ಅಂತ ಓದಲು ಬರುತ್ತಿತ್ತು. "ಅದಕ್ಕೇ ಮತ್ತೆ, ಅಮಾವಾಸ್ಯೆ ಹೊಟ್ಟೇಲಿಟ್ಕೊಂಡು ಇದು ಹೆಂಗೆ ಓಡೀತು" ಅಂದರು ಅತ್ತೆ.

ಪ್ಯಾಕಿಂಗ್ ಶೀಟು ಹಾಸನದಲ್ಲಿ ಸಿಗುತ್ತದೆ. ಹೋಗಿ ತರಬೇಕಷ್ಟೆ. ನಮ್ಮನೆಯವರು ಹೋಗಲಿಲ್ಲ. ಟಿವಿ ಹಿಂದೆ ಸಿಕ್ಕಿಸಿದ್ದ ಲಗ್ನಪತ್ರಿಕೆಯೊಂದು ಅವರ ಕಣ್ಣಿಗೆ ಬಿತ್ತು. ಮುಚ್ಚಳದ ಅಂಚಿಗೆ ಗ್ರೀಸು ಬಳಿದು, ಕಾರ್ಡನ್ನು ಒತ್ತಿ ಅಚ್ಚು ತೆಗೆದರು. ಆಮೇಲೆ ದುಂಡು ತಲೆಯ ಸುತ್ತಿಗೆಯಲ್ಲಿ ಅಂಚಿಗೆ ಟಕ್ ಟಕ್ ಅಂತ ಮೆಲ್ಲಗೆ ಬಡಿಯುತ್ತಾ ಸುತ್ತು ಬಂದರು. ಬಡಿದಷ್ಟೂ ಕಾರ್ಡು ತಾನಾಗಿಯೇ ಕತ್ತರಿಸಿಕೊಂಡು ಬಂತು, ಬೋಲ್ಟಿನ ತೂತುಗಳ ಸಮೇತ. ಕೆಲಸ ನಿಜಕ್ಕೂ ಚೆಂದ ಇತ್ತು. ಮುಚ್ಚಳ ಕೂರಿಸಿ ಬೋಲ್ಟು ಬಿಗಿದರು.

ಸಂಜೆ ಕಸ ಗುಡಿಸುವಾಗ ನನ್ನ ಪೊರಕೆಗೆ ಒಂದು ಚೂರು ಸಿಕ್ಕಿತು. "ಆಶೀರ್ವಾದವೇ ಉಡುಗೊರೆ" ಅಂತಿತ್ತು. ಇನ್ನೊಂದು ಚೂರಲ್ಲಿ "ಬಿ.ಎಂ. ರಸ್ತೆ, ಹಾಸನ". ಮದುವೆ ಅತ್ತೆಯ ತವರಿನದು, ಅವರ ಸ್ವಂತ ತಮ್ಮನ ಮೊಮ್ಮಗನದು. ತಾರೀಖು, ಮುಹೂರ್ತ, ಛತ್ರದ ಹೆಸರು ಮೂರೂ ಗೇರ್‌ಬಾಕ್ಸಿನಲ್ಲಿ. ಬಿ.ಎಂ. ರಸ್ತೆಯಲ್ಲಿ ಛತ್ರ ಒಂದಾ ಎರಡಾ?

ಮದುವೆ ಮನೆಯವರನ್ನೇ ಕೇಳೋಕಾಗುತ್ತಾ? ಹಾಸನದಲ್ಲಿರುವ ನಾದಿನಿಗೆ ಫೋನ್ ಮಾಡಿ, ಮಾತಿನ ಮಧ್ಯೆ ಸುಮ್ನೆ ಕೇಳಿದ ಹಾಗೆ "ಮದುವೆ ಯಾವ ಛತ್ರದಲ್ಲಿ ಅಂದ್ರಿ?" ಅಂದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ. "ಯಾಕತ್ತಿಗೆ, ನಿಮಗೆ ಕಾರ್ಡು ಕೊಟ್ಟಿಲ್ವಾ?" ಅಂದಳು. ಕೊಟ್ಟಿದ್ದಾರೆ, ಟಿಲ್ಲರಿಗೆ ಹಾಕಿದ್ದೀವಿ ಅಂತ ಹೇಗೆ ಹೇಳುವುದು? ಬಿಸಿಲು ಜಾಸ್ತಿ ಅಂತ ಮಾತು ತಿರುಗಿಸಿದೆ. ಅಷ್ಟು ಸಾಕಾಯಿತು ಅವಳಿಗೆ.

ಎಲ್ಲ ಜೋಡಿಸಿದ ಮೇಲೆ ಇಡ್ಲಿ ತಟ್ಟೆಯಲ್ಲಿ ಒಂದಿಷ್ಟು ವಾಷರ್ ಉಳಿದವು, ಚೀಲದ ತಳದಲ್ಲಿ ಒಂದು ಕಬ್ಬಿಣದ ಪಟ್ಟಿ. ಮೊಳಕೈ ಉದ್ದ, ಒಂದು ತುದಿ ಚೂಪು, ಮೇಲೆ ಸಾಲಾಗಿ ತೂತು. "ಎಕ್ಸ್‌ಟ್ರಾ ಇರಬೇಕು, ಕಂಪನಿಯವರು ಕೊಟ್ಟಿರ್ತಾರೆ" ಅಂತ ನಮ್ಮನೆಯವರು ಬದಿಗಿಟ್ಟರು. ಗೋಣಿಚೀಲದಲ್ಲಿ ಬಂದ ಮಿಷನ್ನಿಗೆ ಎಕ್ಸ್‌ಟ್ರಾ ಕೊಡುವ ಕಂಪನಿ ಯಾವುದೋ! ಅತ್ತೆ ಅದನ್ನು ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಹೊಡೆದು, ತೂತಿಗೆ ಹಗ್ಗ ಪೋಣಿಸಿ ಕರು ಕಟ್ಟಿದರು. "ಗೂಟ ಚೆನ್ನಾಗಿದೆ, ಇಷ್ಟರಲ್ಲಿ ಇದೊಂದು ಉಪಯೋಗಕ್ಕೆ ಬಂತು" ಅಂದರು.

ಮಿಷನ್ ಸ್ಟಾರ್ಟ್ ಆಯಿತು, ಅದೂ ನಾವು ಆಸೆ ಬಿಟ್ಟು ಒಳಗೆ ಹೋಗುತ್ತಿದ್ದಾಗ. ಊರಿನ ನಾಯಿಗಳೆಲ್ಲ ಬೊಗಳಿದವು. ನಮ್ಮನೆಯವರು ಹ್ಯಾಂಡಲ್ ಹಿಡಿದು ಕ್ಲಚ್ ಅದುಮಿದ್ದೇ ತಡ, ಟಿಲ್ಲರ್ ನೆಲ ಅಗೆಯದೆ ನೆಲದ ಮೇಲೆ ಕುಣಿಯುತ್ತಾ ಓಡತೊಡಗಿತು. ಇವರೂ ಹಿಂದೆಯೇ ಓಡಿದರು. ಬದನೆ ಗಿಡ ಆಯಿತು, ಬಟ್ಟೆ ಹಗ್ಗ ಆಯಿತು, ಅತ್ತೆಯ ಸೀರೆಯೂ ಹ್ಯಾಂಡಲಿಗೆ ಸಿಕ್ಕಿಕೊಂಡಿತು. ಈ ಮಿಷನ್ನಿನ ಕ್ಲಚ್ ಬಿಟ್ಟರೆ ಬ್ಲೇಡು ನಿಲ್ಲುತ್ತದೆ, ಹಿಡಿದಷ್ಟು ಹೊತ್ತೂ ತಿರುಗುತ್ತದೆ. ಆದರೆ ಎಳೆದುಕೊಂಡು ಹೋಗುತ್ತಿರುವ ವಸ್ತುವನ್ನು ಯಾರಾದರೂ ಬಿಡುತ್ತಾರಾ? ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ.

"ಕೈ ಬಿಡ್ರೀ!" ಅಂದೆ.

"ಬಿಟ್ರೆ ಓಡಿಹೋಗುತ್ತೆ ಕಣೇ!"

ಹಲಸಿನ ಮರ ಅಡ್ಡ ಬಂದು ನಿಲ್ಲಿಸಿತು. ಮರಕ್ಕೂ ಯಜಮಾನರಿಗೂ ತರಚು ಗಾಯ, ಅಷ್ಟೆ.

ಮಾರನೇ ದಿನ ಮೆಕ್ಯಾನಿಕ್ ಹುಡುಗ ಬಂದ. ಮುಟ್ಟಲೂ ಇಲ್ಲ, ಬೈಕಿನ ಮೇಲೆ ಕೂತೇ ನೋಡಿದ. "ಎಡದ ಬ್ಲೇಡು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೀರ ಅಣ್ಣಾ. ಬಾಯಿ ಹಿಂದೆ ಹೋಗಿದೆ, ಬೆನ್ನು ಮುಂದೆ ಬಂದಿದೆ. ಹೆಂಗೆ ಅಗೆಯುತ್ತೆ?" ಆಮೇಲೆ ಹಿಂಭಾಗ ನೋಡಿ, "ಗೂಟ ಎಲ್ಲಿ?" ಅಂದ.

"ಯಾವ ಗೂಟ?"

"ಹಿಂದೆ ಮಣ್ಣಿಗೆ ಊರಿಕೊಂಡು ಹಿಡಿದು ನಿಲ್ಲಿಸೋದು. ಅದಿಲ್ದೆ ಓಡದೆ ಇನ್ನೇನು ಮಾಡುತ್ತೆ?"

ಎಲ್ಲರೂ ಕರುವಿನ ಕಡೆ ನೋಡಿದೆವು. ಕರು ನಮ್ಮ ಕಡೆ ನೋಡಿತು. ಗೂಟ ಕಿತ್ತ ಕೂಡಲೇ ಅದು ಬಾಲ ಎತ್ತಿಕೊಂಡು ಪಕ್ಕದ ಮನೆಯವರ ಬೀನ್ಸಿಗೆ ನುಗ್ಗಿತು. ಸ್ಪ್ರಿಂಗ್ ಸುತ್ತಲು ಬಂದಿದ್ದ ಅದೇ ಅಣ್ಣನ ಬೀನ್ಸು. ಪಾಪ, ಏನೂ ಅನ್ನಲಿಲ್ಲ. ಮರುದಿನದಿಂದ ಕಾಫಿಗೂ ಬರಲಿಲ್ಲ.

ಬ್ಲೇಡು ಅದಲು ಬದಲು ಮಾಡಿ, ಗೂಟ ಕೂರಿಸಿದ ಮೇಲೆ ಟಿಲ್ಲರ್ ಹದವಾಗಿ ಅಗೆಯಿತು. ಮಣ್ಣು ಪುಡಿಪುಡಿಯಾಗಿ ಸಾಲಿಗೆ ಬಿದ್ದಿದ್ದು ನೋಡಿ ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಗೇರ್‌ಬಾಕ್ಸಿನ ಪಕ್ಕ ಆಯಿಲ್ ಜಿನುಗುತ್ತಿತ್ತು. "ಕಾರ್ಡು ತೆಳ್ಳಗಾಯ್ತು" ಅಂತ ನಮ್ಮನೆಯವರು ಬೆರಳಲ್ಲಿ ಒರೆಸುತ್ತಾ ಕೂತಿದ್ದರು.

ಅದೇ ಹೊತ್ತಿಗೆ ಗೇಟಿನ ಹತ್ತಿರ ಕಾರು ನಿಂತಿತು. ಅತ್ತೆಯ ತಮ್ಮ, ಅವರ ಹೆಂಡತಿ. ಕೈಯಲ್ಲಿ ಎಲೆ ಅಡಿಕೆ, ಕುಂಕುಮದ ಭರಣಿ, ಹೊಸ ಲಗ್ನಪತ್ರಿಕೆ. ನಾದಿನಿ ತನ್ನ ಕೆಲಸ ಮಾಡಿದ್ದಳು.

"ಅಕ್ಕಾ, ನಿನಗೆ ಕೊಟ್ಟಿದೀವಿ ಅಂತಲೇ ನಾನು ಅಂದ್ಕೊಂಡಿದ್ದೆ. ತಪ್ಪಾಯ್ತು, ಮನಸ್ಸಿಗೆ ಹಚ್ಕೋಬೇಡ" ಅಂತ ಅವರು ಕೈ ಹಿಡಿದುಕೊಂಡರು.

ಕಾರ್ಡು ಎಲ್ಲಿದೆ ಅಂತ ಅತ್ತೆಗೆ ಚೆನ್ನಾಗಿ ಗೊತ್ತು. ಆದರೂ ಮುಖ ಗಂಭೀರ ಮಾಡಿಕೊಂಡು, "ಹೋಗಲಿ ಬಿಡು. ಮದುವೆ ಮನೆ ಅಂದ್ಮೇಲೆ ಮರೆವು ಇದ್ದಿದ್ದೇ" ಅಂತ ಕ್ಷಮಿಸಿಬಿಟ್ಟರು.

ನಮ್ಮನೆಯವರು ಕೈ ತೊಳೆದು ಬಂದು ಕಾರ್ಡು ಇಸಿದುಕೊಂಡರು. ತೆರೆದು ನೋಡಲಿಲ್ಲ. ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಉಜ್ಜಿ ನೋಡಿದರು.

"ಈ ಸಲ ದಪ್ಪಗೆ ಮಾಡಿಸಿದೀರ ಮಾವ, ಬಹಳ ಚೆನ್ನಾಗಿದೆ" ಅಂದರು. "ಇನ್ನೊಂದೆರಡು ಇದ್ರೆ ಕೊಡಿ."